ಬಿಡದ ಬೋಲ್ಟುಗಳು: ಕರಾವಳಿಯ ಒಂದು ಕಾರಿನ ಬ್ರೇಕ್ ಕೆಲಸ

ಕಾರು ನನ್ನ ಭಾವನದು. 2013ರ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆ ಮಲ್ಪೆ ಹತ್ತಿರ, ಸಮುದ್ರಕ್ಕೆ ನಡೆದು ಹೋಗುವಷ್ಟು ದೂರ. ಕಾರಿಗೆ ಗೋಡೆ ಇರುವ ಶೆಡ್ ಇಲ್ಲ, ಮೇಲೊಂದು ಶೀಟ್ ಅಷ್ಟೇ. ವಾರಕ್ಕೆ ಒಂದೆರಡು ಸಲ ಉಡುಪಿಗೆ ಹೋಗಿ ಬರುವುದು ಬಿಟ್ಟರೆ ಅದು ನಿಂತೇ ಇರುತ್ತದೆ.

ಬ್ರೇಕಿನ ವಿಷಯದಲ್ಲಿ ಜಾಸ್ತಿ ಓಡುವ ಕಾರಿಗಿಂತ ಹೀಗೆ ನಿಂತಿರುವ ಕಾರಿಗೇ ತೊಂದರೆ ಹೆಚ್ಚು. ಓಡಿದರೆ ಬ್ರೇಕ್ ಬಿಸಿಯಾಗಿ ಒಳಗಿನ ತೇವ ಆರುತ್ತದೆ. ನಿಂತರೆ ಆರುವುದಿಲ್ಲ. ಉಡುಪಿ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಮೇಲೆ ಗಾಳಿಯಲ್ಲಿ ಉಪ್ಪು. ಉಪ್ಪು ಗಾಳಿಯ ತೇವವನ್ನು ಎಳೆದು ಕಬ್ಬಿಣದ ಮೇಲೆ ಕೂರಿಸಿಕೊಳ್ಳುತ್ತದೆ, ಹಾಗಾಗಿ ಮಳೆ ಇಲ್ಲದ ದಿನವೂ ತುಕ್ಕಿನ ಕೆಲಸ ನಿಲ್ಲುವುದಿಲ್ಲ.

ದೂರು ಸರಳವಾಗಿತ್ತು. ಬ್ರೇಕ್ ಒತ್ತಿದರೆ ಎಡಗಡೆ ಮುಂದಿನ ಚಕ್ರದಲ್ಲಿ ಕೀರಲು ಸದ್ದು, ಕಾರು ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಚಕ್ರ ಬಿಚ್ಚಿ ನೋಡಿದಾಗ ಒಳಗಿನ ಪ್ಯಾಡ್ ಬಹುತೇಕ ಲೋಹದವರೆಗೆ ಸವೆದಿತ್ತು. ಹೊರಗಿನದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಈ ರೀತಿಯ ಸವೆತ ಕಂಡರೆ ಸ್ಲೈಡ್ ಪಿನ್ ಜಾಮ್ ಆಗಿದೆಯಾ ಎಂದು ಮೊದಲು ನೋಡಬೇಕು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕ್, ಎರಡು ಪ್ಯಾಡುಗಳನ್ನು ಅದಕ್ಕೆ ಒತ್ತಿ ಹಿಡಿಯುವ ಭಾಗ ಕ್ಯಾಲಿಪರ್. ಇಂಥ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆಮೇಲೆ ಇಡೀ ಕ್ಯಾಲಿಪರ್ ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಎಲ್ಲ ಕೆಲಸವೂ ಒಳಗಿನ ಪ್ಯಾಡಿನ ಪಾಲಿಗೆ. ಡಿಸ್ಕ್ ಕೂಡ ಅದರ ಮೇಲೆ ಕೆತ್ತಿದ ಕನಿಷ್ಠ ದಪ್ಪಕ್ಕಿಂತ ಕೆಳಗೆ ಬಂದಿತ್ತು. ಹಾಗಾಗಿ ಎರಡೂ ಬದಿಗೆ ಹೊಸ ಡಿಸ್ಕ್, ಹೊಸ ಪ್ಯಾಡ್ ಎಂದು ತೀರ್ಮಾನವಾಯಿತು. ಒಂದೇ ಬದಿಗೆ ಹಾಕಿದರೆ ಕಾರು ಇನ್ನೂ ಎಳೆಯುತ್ತದೆ.

ಕೆಲಸವನ್ನು ಮನೆಯಲ್ಲೇ ಮಾಡಬೇಕು ಎಂಬುದು ಭಾವನ ಹಟ. ಬಿಡಿಭಾಗಗಳನ್ನು ತಂದಿಟ್ಟು, ನಾನು ಬರುವ ಮೊದಲೇ ಒಂದು ಕೈ ನೋಡಿದ್ದರು. ನಾನು ಹೋದಾಗ ಮೊದಲ ಮಾತೇ, "ಎಂಥ ಮಾರಾಯ, ವೆಲ್ಡ್ ಮಾಡಿದ ಹಾಗೆ ಕೂತಿದೆ. ಪೈಪ್ ಹಾಕಿ ಎಳೆದರೂ ಅಲ್ಲಾಡುವುದಿಲ್ಲ."

ನಾನು ಕೇಳಿದೆ, "ಭಾವ, ನೀವು ತಿರುಗಿಸಿದ್ದು ಯಾವ ಕಡೆಗೆ?"

ಅವರು ತೋರಿಸಿದರು. ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರು.

ತಲೆ ಆ ಕಡೆ, ನಾವು ಈ ಕಡೆ

ಇದು ಅನುಭವ ಇದ್ದವರಿಗೂ ಆಗುತ್ತದೆ. ಕ್ಯಾಲಿಪರ್ ಕೂರುವ ಬ್ರಾಕೆಟ್ಟನ್ನು ಎರಡು ದಪ್ಪ ಬೋಲ್ಟುಗಳು ಚಕ್ರದ ಹಿಂದೆ ಅದನ್ನು ಹೊರುವ ಗಟ್ಟಿ ತುಂಡಾದ ನಕಲ್‌ಗೆ ಹಿಡಿದಿರುತ್ತವೆ. ಆ ಬೋಲ್ಟುಗಳ ತಲೆ ಎಂಜಿನ್ ಕಡೆಗೆ. ನಾವು ಕೂರುವುದು ಚಕ್ರದ ಹೊರಗಡೆ. ಬಿಚ್ಚುವುದೆಂದರೆ ಗಡಿಯಾರದ ಎದುರು ದಿಕ್ಕು, ಸರಿ. ಆದರೆ ಅದು ತಲೆಯ ಕಡೆಯಿಂದ ನೋಡಿದಾಗಿನ ಲೆಕ್ಕ. ಹೊರಗೆ ಕೂತು, ಕೈಯನ್ನು ಹಿಂದೆ ತೂರಿಸಿ, ನಮ್ಮ ಕಣ್ಣಿಗೆ ಎದುರು ದಿಕ್ಕು ಎನಿಸುವ ಕಡೆ ತಿರುಗಿಸಿದರೆ ಅದು ಬಿಗಿಯಾಗುತ್ತದೆ. ಅದಕ್ಕೆ ಉದ್ದನೆಯ ಪೈಪ್ ಬೇರೆ ಸೇರಿದರೆ ಬೋಲ್ಟಿನ ಗತಿ ಏನು? ಬೋಲ್ಟಿನ ತಲೆಯ ಹಿಂದೆ ನನ್ನ ಮುಖ ಇದೆ ಎಂದುಕೊಂಡು ಒಮ್ಮೆ ಬರಿಗೈ ಆಡಿಸಿ, ಆಮೇಲೆ ಸಾಕೆಟ್ ಹಾಕುವುದು ನನ್ನ ರೂಢಿ.

ಇನ್ನೊಂದು ಸಮಸ್ಯೆ ಸ್ಪ್ಯಾನರಿನದು. ಅವರು ಹಾಕಿದ್ದು ಬಾಯಿ ತೆರೆದ ಸ್ಪ್ಯಾನರ್. ಅದು ತಲೆಯ ಎರಡೇ ಮುಖ ಹಿಡಿಯುತ್ತದೆ. ಬಲ ಹೆಚ್ಚಾದಾಗ ಬಾಯಿ ಸ್ವಲ್ಪ ಅಗಲವಾಗಿ ಜಾರುತ್ತದೆ, ಜಾರಿದಾಗಲೆಲ್ಲ ಮೂಲೆ ಉರುಟಾಗುತ್ತದೆ. ಬ್ರಾಕೆಟ್ ಬೋಲ್ಟಿನ ಮೂಲೆಗಳು ಇನ್ನೂ ಉಳಿದಿದ್ದವು, ಪುಣ್ಯ. ಇಂಥ ಕಡೆ ಆರು ಮೂಲೆಯ ಸಾಕೆಟ್ ಬೇಕು. ಮನೆಯ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಬರುವ ಹನ್ನೆರಡು ಮೂಲೆಯದ್ದು ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ಹಿಡಿದ ತಲೆಯ ಮೇಲೆ ಅದೇ ಬೇಗ ಜಾರುತ್ತದೆ ಕೂಡ.

ಕಾರು ಯಾವುದರ ಮೇಲೆ ನಿಂತಿದೆ

ಬೋಲ್ಟಿಗೆ ಕೈ ಹಾಕುವ ಮೊದಲು ಇದನ್ನು ಸರಿ ಮಾಡಬೇಕಿತ್ತು. ಕಾರು ತನ್ನದೇ ಜಾಕಿನ ಮೇಲಿತ್ತು, ಪಕ್ಕಕ್ಕೆ ಭದ್ರತೆಗೆಂದು ಒಂದು ಕೆಂಪುಕಲ್ಲು. ಕರಾವಳಿಯಲ್ಲಿ ಕೆಂಪುಕಲ್ಲು ಎಲ್ಲರ ಅಂಗಳದಲ್ಲೂ ಇರುತ್ತದೆ, ಹಾಗಾಗಿ ಎಲ್ಲದಕ್ಕೂ ಅದೇ. ಕಾರಿನ ಅಡಿಗೆ ಮಾತ್ರ ಬೇಡ. ಅದು ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಜಾಕ್ ಸ್ಟ್ಯಾಂಡ್. ಬಿಡದ ಬೋಲ್ಟಿನ ಕೆಲಸದಲ್ಲಿ ಇದಕ್ಕೆ ತೂಕ ಜಾಸ್ತಿ, ಯಾಕೆಂದರೆ ಇಲ್ಲಿ ನಾವು ಕಾರನ್ನು ಪಕ್ಕಕ್ಕೆ ಎಳೆಯುತ್ತಿರುತ್ತೇವೆ. ಬೋಲ್ಟ್ ಬಿಡದಿದ್ದರೆ ಆ ಬಲ ಕಾರಿಗೇ ಹೋಗುತ್ತದೆ.

ಸ್ಟ್ಯಾಂಡ್ ಬಾಡಿಗೆಗೆ ತಂದೆವು. ಅಂಗಳದ ಸಿಮೆಂಟ್ ಹಾಕಿದ ಭಾಗಕ್ಕೆ ಕಾರು ತಳ್ಳಿ, ಹಿಂದಿನ ಎರಡೂ ಚಕ್ರಕ್ಕೆ ಮರದ ತುಂಡು ಕೊಟ್ಟು, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದೆವು. ಕೆಲಸ ಮುಂದಿನ ಚಕ್ರದ್ದು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನದನ್ನು, ಹಾಗಾಗಿ ತೊಂದರೆ ಇಲ್ಲ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೇ ಮಲಗಿಸಿ ಇಟ್ಟೆವು.

ಚಕ್ರದ ನಟ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಟೈಟ್ ಇದ್ದದ್ದು ಟಯರ್ ಅಂಗಡಿಯ ಗಾಳಿ ಗನ್ನಿನಿಂದ, ತುಕ್ಕಿನಿಂದ ಅಲ್ಲ. ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಲೂಸ್ ಮಾಡಿ, ಆಮೇಲೆ ಎತ್ತಿದರೆ ಮುಗಿಯಿತು.

ಬ್ರಾಕೆಟ್ ಬೋಲ್ಟ್

ಈಗ ಮುಖ್ಯ ಕೆಲಸ. 17 ಮಿಲಿಮೀಟರ್ ಸಾಕೆಟ್ ಕೂರುವ ತಲೆ, 12 ಮಿಲಿಮೀಟರ್ ದಪ್ಪದ ಬೋಲ್ಟ್. ಸಣ್ಣ ಕಾರುಗಳಲ್ಲಿ ಇದನ್ನು ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರಿನಷ್ಟು (ತಿರುಗಿಸುವ ಬಲದ ಅಳತೆ) ಬಿಗಿ ಮಾಡಿರುತ್ತಾರೆ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 30 ಕಿಲೋ ಬಲ ಕೊಟ್ಟರೆ ಸಿಗುವುದು ಸುಮಾರು 73. ಅಂದರೆ ಕಂಪನಿ ಬಿಗಿ ಮಾಡಿದಷ್ಟೂ ಬಲ ಬರುವುದಿಲ್ಲ, ತುಕ್ಕಿನ ಮಾತು ಆಮೇಲೆ. ಅದೇ 30 ಕಿಲೋವನ್ನು 60 ಸೆಂಟಿಮೀಟರಿನ ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಉದ್ದ ಹಿಡಿ) ತುದಿಗೆ ಕೊಟ್ಟರೆ 176. ಉದ್ದ ಬಾರ್ ಬೇಕಾಗುವುದು ಈ ಲೆಕ್ಕಕ್ಕೆ. ಹಾಗೆಂದು ಸೀದಾ ಬಾರ್ ಹಾಕುವುದೂ ತಪ್ಪು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ತಗೊಳ್ಳುತ್ತದೆ. ಥ್ರೆಡ್ಡುಗಳ ನಡುವೆ ಇರುವ ಕೂದಲೆಳೆಯ ಸಂದಿಯಲ್ಲಿ ಅದು ಹುಟ್ಟಿದರೆ ಹಿಗ್ಗಲು ಜಾಗ ಇಲ್ಲ. ಎರಡೂ ಕಡೆ ಒತ್ತಿ ಹಿಡಿಯುತ್ತದೆ. ನಮ್ಮ ಗುರಿ ಬೋಲ್ಟ್ ತಿರುಗಿಸುವುದಕ್ಕಿಂತ ಮೊದಲು ಈ ಪದರವನ್ನು ಒಡೆಯುವುದು.

ಎಣ್ಣೆ ಎಲ್ಲಿಗೆ ಹಾಕಬೇಕು ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಭಾವ ತಲೆಯ ಸುತ್ತ ಸೀಮೆಎಣ್ಣೆ ಸುರಿದಿದ್ದರು. ಆದರೆ ಈ ಕಾರಿನಲ್ಲಿ, ಇಂಥ ಬಹಳಷ್ಟು ಕಾರುಗಳಲ್ಲಿ, ಬೋಲ್ಟ್ ಮೊದಲು ನಕಲ್‌ನ ಥ್ರೆಡ್ ಇಲ್ಲದ ತೂತಿನಲ್ಲಿ ಹಾದು, ಆಮೇಲೆ ಬ್ರಾಕೆಟ್ಟಿನ ಥ್ರೆಡ್ಡಿಗೆ ಕೂರುತ್ತದೆ. ತುಕ್ಕು ಹಿಡಿಯುವುದು ಬ್ರಾಕೆಟ್ಟಿನಲ್ಲಿ. ಬೋಲ್ಟಿನ ಬಾಲ ಡಿಸ್ಕ್ ಕಡೆಗೆ ಸ್ವಲ್ಪ ಹೊರಗೆ ಇಣುಕುತ್ತಿತ್ತು. ಎಣ್ಣೆ ಬೇಕಾದದ್ದು ಆ ಬಾಲಕ್ಕೆ. ಅದಕ್ಕೂ ಮೊದಲು ಬಾಲವನ್ನು ವೈರ್ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಬೇಕು. ಯಾಕೆಂದರೆ ಬೋಲ್ಟ್ ಹೊರಬರುವಾಗ ಆ ತುಕ್ಕಿನ ಬಾಲ ಇಡೀ ಥ್ರೆಡ್ಡಿನೊಳಗೆ ಹಾದು ಬರಬೇಕು.

ಎಣ್ಣೆ ಎಂಥದು? ತುಕ್ಕಿನ ಸಂದಿಗೆ ಇಳಿಯಲೆಂದೇ ಮಾಡಿದ ತೆಳು ಎಣ್ಣೆಯ ಡಬ್ಬಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ, ನೀರನ್ನು ಓಡಿಸಿ ತುಕ್ಕು ತಡೆಯುವುದಕ್ಕೆ. ಹೆಸರಿನಲ್ಲಿರುವ ಎರಡು ಅಕ್ಷರವೂ ಅದನ್ನೇ ಹೇಳುತ್ತದೆ, 40 ಎಂದರೆ ಕೈಗೂಡಿದ 40ನೇ ಪ್ರಯತ್ನ. ಬೇರೆ ಏನೂ ಇಲ್ಲದಿದ್ದರೆ ಅದೂ ನಡೆಯುತ್ತದೆ, ಆದರೆ ಹಳೆಯ ತುಕ್ಕಿಗೆ ನಾನು ಅದನ್ನೇ ನಂಬಿ ಕೂರುವುದಿಲ್ಲ. ಯಾವುದಾದರೂ ಸರಿ, ರಾತ್ರಿ ಹಾಕಿ ಬೆಳಿಗ್ಗೆ ಮತ್ತೊಮ್ಮೆ ಹಾಕುವುದು ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಎಣ್ಣೆ ಬ್ರೇಕ್ ಹೋಸ್‌ಗೆ, ಪಿನ್ನಿನ ರಬ್ಬರಿಗೆ, ಪಿಸ್ಟನ್ ಸುತ್ತಿನ ರಬ್ಬರಿಗೆ ತಾಗಬಾರದು. ಬ್ರೇಕಿನ ರಬ್ಬರ್ ಬ್ರೇಕ್ ಆಯಿಲ್‌ಗೆ ಹೊಂದುವಂಥದು, ಪೆಟ್ರೋಲಿಯಂ ಎಣ್ಣೆ ಕುಡಿದರೆ ಉಬ್ಬುತ್ತದೆ. ಹಳೆಯ ಡಿಸ್ಕ್, ಪ್ಯಾಡ್ ಮೇಲೆ ಬಿದ್ದರೆ ಬೀಳಲಿ, ಅವು ಹೇಗೂ ಗುಜರಿಗೆ. ಆದರೆ ಎಣ್ಣೆ ಹಾಕಿದ ಮೇಲೆ "ಒಂದು ಸಲ ಅಂಗಡಿಗೆ ಹೋಗಿ ಬರ್ತೇನೆ" ಎಂದು ಕಾರು ಹೊರಗೆ ತೆಗೆಯುವ ಹಾಗಿಲ್ಲ. ಬ್ರೇಕ್ ಹಿಡಿಯುವುದಿಲ್ಲ!

ಬೆಳಿಗ್ಗೆ ಕ್ಯಾಲಿಪರ್ ಇರುವ ಬದಿ ಹೊರಗೆ ಬರುವ ಹಾಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿದೆವು. ಬಾರ್ ಆಡಿಸಲು ಜಾಗ ಸಿಕ್ಕಿತು. ಮೊದಲು ಸುತ್ತಿಗೆ. ಬೋಲ್ಟ್ ತಲೆಯ ಮೇಲೆ ಗಟ್ಟಿ ಕಬ್ಬಿಣದ ರಾಡ್ ನೇರವಾಗಿ ಇಟ್ಟು ನಾಲ್ಕೈದು ಚುರುಕಾದ ಪೆಟ್ಟು. ಜೋರಿಗಿಂತ ಚುರುಕು ಮುಖ್ಯ. ಪೆಟ್ಟಿನ ಅದುರಿಗೆ ತುಕ್ಕಿನ ಪದರ ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಆಮೇಲೆ ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ತಟ್ಟಿ ಪೂರ್ತಿ ಕೂರಿಸಿ ಬಾರ್ ಹಾಕಿದೆವು. ಬಾರನ್ನು ಪಕ್ಕಕ್ಕೆ ಎಳೆಯುವ ಬದಲು ಕೆಳಗೆ ಒತ್ತುವ ಕೋನದಲ್ಲಿ ಇಟ್ಟುಕೊಂಡೆವು. ಕೆಳಗೆ ಒತ್ತಿದರೆ ಬಲ ಸ್ಟ್ಯಾಂಡಿಗೆ ಹೋಗುತ್ತದೆ, ಪಕ್ಕಕ್ಕೆ ಎಳೆದರೆ ಕಾರು ಅಲ್ಲಾಡುತ್ತದೆ.

ಮೇಲಿನ ಬೋಲ್ಟ್ ದೊಡ್ಡದಾಗಿ "ಟಕ್" ಎಂದಿತು. ಭಾವನ ಮುಖ ಬಿಳಿಚಿತು. "ಹೋಯ್ತಾ? ಮುರಿಯಿತಾ?"

ಮುರಿದಿರಲಿಲ್ಲ. ತುಕ್ಕು ಒಡೆದ ಸದ್ದು ಅದು. ಕೈಗೆ ಸಿಗುವ ಅನುಭವದಲ್ಲಿ ಎರಡು ಬಗೆ ಇವೆ, ಇದನ್ನು ಗುರುತಿಸುವುದು ಕಲಿತರೆ ಅರ್ಧ ಕೆಲಸ ಕಲಿತ ಹಾಗೆ. ಗಟ್ಟಿಯಾಗಿ ನಿಂತಿದ್ದು, ಒಮ್ಮೆಲೇ ಟಕ್ ಎಂದು, ಆಮೇಲೆ ತಿರುಗಲು ಸುಲಭವಾದರೆ ಒಳ್ಳೆಯದು. ಸದ್ದಿಲ್ಲದೆ, ರಬ್ಬರ್ ಎಳೆದ ಹಾಗೆ ಮೆತ್ತಗೆ ತಿರುಗುತ್ತಾ ಹೋದರೆ ತಕ್ಷಣ ನಿಲ್ಲಿಸಿ. ಆಗ ಥ್ರೆಡ್ ತಿರುಗುತ್ತಿಲ್ಲ, ಬೋಲ್ಟಿನ ಮೈಯೇ ತಿರುಚಿಕೊಳ್ಳುತ್ತಿದೆ. ಇನ್ನು ಸ್ವಲ್ಪ ತಿರುಗಿಸಿದರೆ ತಲೆ ಕೈಗೆ ಬರುತ್ತದೆ.

ಕೆಳಗಿನ ಬೋಲ್ಟ್ ಸ್ವಲ್ಪ ಆಟ ಆಡಿಸಿತು. ಬಿಟ್ಟಿತು ಅಂದುಕೊಂಡು ಒಂದು ಸುತ್ತು ತಿರುಗಿಸುವಷ್ಟರಲ್ಲಿ ಕೀರ್ ಎನ್ನುತ್ತಾ ಮತ್ತೆ ಬಿಗಿಯಾಯಿತು. ಬಾಲದ ತುಕ್ಕು ಥ್ರೆಡ್ಡಿನೊಳಗೆ ಬಂದು ಪುಡಿಯಾಗಿ ತುಂಬಿಕೊಂಡಿತ್ತು. ಭಾವನಿಗೆ ಬಾರ್ ಹಾಕಿ ಎಳೆದೇ ಬಿಡುವ ಅವಸರ. ಇಲ್ಲಿ ಎಳೆದರೆ ಥ್ರೆಡ್ ಹರಿದು ಬ್ರಾಕೆಟ್ಟೇ ಹಾಳು. ಅರ್ಧ ಸುತ್ತು ವಾಪಸ್ ಒಳಗೆ, ಎಣ್ಣೆ, ಮುಕ್ಕಾಲು ಸುತ್ತು ಹೊರಗೆ, ಮತ್ತೆ ಒಳಗೆ. ಪ್ರತಿ ಸಲ ಕಂದು ಬಣ್ಣದ ಕೆಸರು ಹೊರಗೆ ಬಂತು. ಈ ಬೋಲ್ಟುಗಳ ಥ್ರೆಡ್ ಸಣ್ಣದು, ಒಂದು ಸುತ್ತಿಗೆ 1.25 ಮಿಲಿಮೀಟರ್ ಮಾತ್ರ ಹೊರಗೆ ಬರುತ್ತದೆ. ಹಾಗಾಗಿ ತಾಳ್ಮೆ ಬೇಕಾಯಿತು. ಚಹಾ ಕುಡಿದು ಬಂದು ಮುಂದುವರಿಸಿದೆವು. ಕೊನೆಗೆ ಬಂತು.

ಬೆಂಕಿ ಯಾಕೆ ಹಚ್ಚಲಿಲ್ಲ ಎಂದು ಕೇಳುವವರು ಇರುತ್ತಾರೆ. ಲೆಕ್ಕದ ಪ್ರಕಾರ ಅದು ಒಳ್ಳೆಯ ಉಪಾಯವೇ. 12 ಮಿಲಿಮೀಟರ್ ತೂತಿನ ಸುತ್ತಲಿನ ಕಬ್ಬಿಣವನ್ನು 200 ಡಿಗ್ರಿ ಬಿಸಿ ಮಾಡಿದರೆ ತೂತು ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕಾಗಬಹುದು. ಬಿಸಿ ಮಾಡಬೇಕಾದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಬ್ರಾಕೆಟ್ಟನ್ನು. ಆದರೆ ಅಲ್ಲೇ ಒಂದು ಗೇಣಿನಲ್ಲಿ ಬ್ರೇಕ್ ಹೋಸ್, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್, ಎಬಿಎಸ್ ಇದ್ದರೆ ಅದರ ವೈರ್, ಬೇರಿಂಗಿನ ಗ್ರೀಸ್ ಎಲ್ಲ ಇವೆ. ನಾವು ಹಾಕಿದ ಎಣ್ಣೆಗೂ ಬೆಂಕಿ ಹತ್ತುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗದಲ್ಲಂತೂ ಬೆಂಕಿಯ ಮಾತೇ ಬೇಡ. ಕ್ಲೋರಿನ್ ಇರುವ ಕ್ಲೀನರ್ ಬಿಸಿಯಲ್ಲಿ ಫಾಸ್ಜೀನ್ ಎಂಬ ವಿಷಗಾಳಿ ಕೊಡಬಲ್ಲದು, ಕ್ಲೋರಿನ್ ಇಲ್ಲದ್ದು ಭಗ್ಗೆಂದು ಉರಿಯುತ್ತದೆ. ಮನೆಯ ಅಂಗಳಕ್ಕೆ ಇದು ಹೇಳಿದ ಕೆಲಸ ಅಲ್ಲ.

ಸಣ್ಣ ಬೋಲ್ಟಿಗೆ ಬೇರೆ ನಡೆ

ಕ್ಯಾಲಿಪರನ್ನು ಸ್ಲೈಡ್ ಪಿನ್ನಿಗೆ ಹಿಡಿಯುವ ಬೋಲ್ಟ್ ಎಂಟು ಮಿಲಿಮೀಟರಿನದು, ತಲೆ 12. ಇದರ ಬಿಗಿ 25ರಿಂದ 35 ನ್ಯೂಟನ್ ಮೀಟರ್ ಆಸುಪಾಸು. ಬ್ರಾಕೆಟ್ ಬೋಲ್ಟಿಗೆ ಹಾಕಿದ ಬಾರನ್ನೇ ಇದಕ್ಕೂ ಹಾಕಿದರೆ ತಲೆ ಕಡಿದು ಬೀಳುವುದು ಖಂಡಿತ. ಬಾರಿನಲ್ಲಿ ಕೈಗೆ ಗೊತ್ತಾಗದ ಸಣ್ಣ ಒತ್ತು ಕೂಡ ಇದಕ್ಕೆ ಜಾಸ್ತಿ.

ಕೆಳಗಿನ ಪಿನ್ನಿನ ಬೋಲ್ಟ್ ತಲೆ ಮೊದಲೇ ಉರುಟಾಗಿತ್ತು, ಯಾವುದೋ ಹಳೆಯ ಸರ್ವಿಸಿನದ್ದಿರಬೇಕು. ಕೈ ನುಗ್ಗದ ಜಾಗದಲ್ಲಿ ಅದರ ಜೊತೆ ಗುದ್ದಾಡುವ ಬದಲು ಅದನ್ನು ಹಾಗೇ ಬಿಟ್ಟು, ಬ್ರಾಕೆಟ್ ಬೋಲ್ಟ್ ಎರಡನ್ನೂ ತೆಗೆದು, ಬ್ರಾಕೆಟ್ ಮತ್ತು ಕ್ಯಾಲಿಪರನ್ನು ಜೋಡಿಯಾಗಿಯೇ ಹೊರಗೆ ತಂದೆವು. ಡಿಸ್ಕಿನ ಅಂಚಲ್ಲಿ ತುಕ್ಕಿನ ದಿಂಡು ಎದ್ದಿರುವುದರಿಂದ ಪ್ಯಾಡ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಕ್ರೂಡ್ರೈವರಿನಿಂದ ಪ್ಯಾಡನ್ನು ಸ್ವಲ್ಪ ಹಿಂದೆ ಒತ್ತಿದರೆ ಜಾರಿ ಬರುತ್ತದೆ. ಹಾಗೆ ಒತ್ತುವಾಗ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಉಕ್ಕುತ್ತದಾ ನೋಡುತ್ತಿರಬೇಕು, ಆ ಆಯಿಲ್ ಪೇಂಟ್ ತಿನ್ನುತ್ತದೆ. ಹೊರಗೆ ಬಂದ ಜೋಡಿಯನ್ನು ಹೋಸ್ ಎಳೆಯದ ಹಾಗೆ ಪಕ್ಕದಲ್ಲೊಂದು ಸ್ಟೂಲಿನ ಮೇಲಿಟ್ಟೆವು. ಕ್ಯಾಲಿಪರ್ ಹೋಸ್‌ನಲ್ಲಿ ನೇತಾಡಬಾರದು.

ಈಗ ಎಲ್ಲ ಬದಿಯಿಂದಲೂ ಕೈಗೆ ಸಿಕ್ಕಿತು. ಒಳಗೆ ಸುರುಳಿ ಹಲ್ಲಿರುವ ಒಂದು ಬಗೆಯ ಸಾಕೆಟ್ ಬರುತ್ತದೆ, ಉರುಟಾದ ತಲೆಗೆಂದೇ. ಅದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ, ಪಿನ್ನಿನ ಚಪ್ಪಟೆ ಮುಖಕ್ಕೆ ತೆಳು ಸ್ಪ್ಯಾನರ್ ಕೊಟ್ಟು ಹಿಡಿದು, ಸಣ್ಣ ರ‍್ಯಾಚೆಟ್‌ನಿಂದ ತಿರುಗಿಸಿದರೆ ಬಂತು. ಪಿನ್ ಹಿಡಿಯದಿದ್ದರೆ ಬೋಲ್ಟಿನ ಜೊತೆ ಅದೂ ತಿರುಗಿ ರಬ್ಬರ್ ಬೂಟನ್ನು ಹರಿಯುತ್ತದೆ. ಆ ಪಿನ್ನೇ ಇಡೀ ರೋಗದ ಮೂಲವಾಗಿತ್ತು. ಬೂಟ್ ಸಣ್ಣಗೆ ಹರಿದು, ನೀರು ಹೋಗಿ, ಗ್ರೀಸ್ ಗಟ್ಟಿಯಾಗಿ ಅಂಟಿಕೊಂಡಿತ್ತು. ಪಿನ್, ಬೂಟ್, ಬೋಲ್ಟ್ ಮೂರೂ ಹೊಸದು ಹಾಕಿದೆವು, ರಬ್ಬರಿಗೆ ಹೊಂದುವ ಬ್ರೇಕ್ ಗ್ರೀಸ್ ಹಚ್ಚಿ.

ಡಿಸ್ಕ್ ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಅಂಟಿ ಕೂತಿತ್ತು. ಅದರ ಮುಖದಲ್ಲಿ ಏನನ್ನೂ ಹಿಡಿಯದ ಎರಡು ಥ್ರೆಡ್ ತೂತುಗಳಿದ್ದವು. ಅವು ಇದಕ್ಕೆಂದೇ ಇರುವುದು. ಎರಡು ಎಂಟು ಮಿಲಿಮೀಟರ್ ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋದರೆ ಅವು ಹಬ್ಬನ್ನು ಒತ್ತಿ ಡಿಸ್ಕನ್ನು ಹೊರಗೆ ತಳ್ಳುತ್ತವೆ. ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಬೇರಿಂಗಿಗೆ ಹೋಗುತ್ತದೆ, ಇದರಲ್ಲಿ ಆ ಚಿಂತೆ ಇಲ್ಲ.

ಬಿಟ್ಟುಬಿಟ್ಟ ನಿಪ್ಪಲ್

ಬ್ರೇಕ್ ಆಯಿಲನ್ನೂ ಬದಲಿಸಬೇಕೆಂದು ಭಾವ ಡಾಟ್ 4 ಬಾಟಲಿ ತಂದಿದ್ದರು. ಅದಕ್ಕೆ ಬ್ಲೀಡರ್ ನಿಪ್ಪಲ್, ಅಂದರೆ ಕ್ಯಾಲಿಪರಿನಿಂದ ಹಳೆಯ ಆಯಿಲ್ ಹೊರಬಿಡುವ ಸಣ್ಣ ತಿರುಪು, ಬಿಚ್ಚಬೇಕು. ಎಡಗಡೆಯದರ ರಬ್ಬರ್ ಟೋಪಿ ಯಾವಾಗಲೋ ಹೋಗಿತ್ತು, ತೂತಿನ ತುಂಬ ತುಕ್ಕು. ನಿಪ್ಪಲ್ ಒಳಗೆ ಟೊಳ್ಳು, ಅದಕ್ಕೆ ಬ್ರಾಕೆಟ್ ಬೋಲ್ಟಿನ ಧೈರ್ಯ ನಡೆಯುವುದಿಲ್ಲ. ಎಣ್ಣೆ ಹಾಕಿ, ಮೆಲ್ಲಗೆ ತಟ್ಟಿ, ಸಾಕೆಟ್ ಕೊಟ್ಟು ಕೈಯಳತೆಯ ಬಲ ಹಾಕಿದೆವು. ಟಕ್ ಬರಲಿಲ್ಲ. ಆ ಮೆತ್ತಗಿನ ತಿರುಚು ಶುರುವಾಗುವ ಹಾಗೆ ಕಂಡಿತು. ಅಲ್ಲಿಗೆ ನಿಲ್ಲಿಸಿದೆವು.

"ಇಷ್ಟೆಲ್ಲ ಬಿಚ್ಚಿದವರಿಗೆ ಇದೊಂದು ದೊಡ್ಡದಾ?" ಎಂದರು ಭಾವ.

"ಭಾವ, ಪ್ಯಾಡ್ ಡಿಸ್ಕ್ ಹಾಕುವುದಕ್ಕೆ ಇದನ್ನು ಬಿಚ್ಚಬೇಕೆಂದಿಲ್ಲ. ಮುರಿದರೆ ಮಾತ್ರ ಇವತ್ತು ಕಾರು ಇಲ್ಲೇ ಕೂರುತ್ತದೆ."

ಅವರಿಗೆ ಸಮಾಧಾನ ಆಗಲಿಲ್ಲ, ಆದರೆ ಒಪ್ಪಿದರು.

ಜೋಡಿಸುವಾಗ ಬ್ರಾಕೆಟ್ಟಿನ ಥ್ರೆಡ್ ಶುಚಿ ಮಾಡಿ, ಹೊಸ ಬೋಲ್ಟುಗಳನ್ನು ಮೊದಲು ಬರಿಗೈಯಲ್ಲಿ ತಿರುಗಿಸಿ, ಆಮೇಲೆ ಆ ಕಾರಿನ ಸರ್ವಿಸ್ ಪುಸ್ತಕದ ಅಂಕಿಗೆ ಟಾರ್ಕ್ ರೆಂಚಿನಿಂದ ಬಿಗಿ ಮಾಡಿದೆವು. ಮುಂದಿನ ಸಲ ಸುಲಭವಾಗಲಿ ಎಂದು ಥ್ರೆಡ್ಡಿಗೆ ಗ್ರೀಸ್ ಹಚ್ಚಲು ಭಾವನಿಗೆ ಆಸೆ. ನಾನು ಬೇಡ ಎಂದೆ. ಪುಸ್ತಕ ಬೇರೆ ಹೇಳದಿದ್ದರೆ ಆ ಅಂಕಿ ಒಣ ಥ್ರೆಡ್ಡಿಗೆ. ಗ್ರೀಸ್ ಇದ್ದರೆ ಅದೇ ಅಂಕಿಗೆ ಬೋಲ್ಟ್ ಜಾಸ್ತಿ ಎಳೆಯಲ್ಪಡುತ್ತದೆ. ಬದಲಿಗೆ, ಬಿಗಿ ಮಾಡಿದ ಮೇಲೆ ಹೊರಗೆ ಇಣುಕುವ ಬಾಲಕ್ಕೆ ಬಿಸಿ ತಡೆಯುವ ಪೇಂಟ್ ಬಳಿದೆವು. ಉಪ್ಪುಗಾಳಿ ಮೊದಲು ಸಿಗುವುದು ಅಲ್ಲಿಗೇ. ಹೊಸ ಡಿಸ್ಕಿಗೆ ಕಂಪನಿ ಹಚ್ಚಿದ ಎಣ್ಣೆಯನ್ನು ಒರೆಸಿ ತೆಗೆದೆವು.

ಬಲಗಡೆ ಚಕ್ರದ ಬೋಲ್ಟುಗಳು ಇಷ್ಟು ಕಾಡಲಿಲ್ಲ. ನಮ್ಮಲ್ಲಿ ರಸ್ತೆಯ ಅಂಚಿನ ಹೊಂಡದ ನೀರಿಗೆ ಜಾಸ್ತಿ ಇಳಿಯುವುದು ಎಡಗಡೆ ಚಕ್ರವೇ ಅಲ್ವಾ, ಅದೇ ಕಾರಣ ಇರಬಹುದು ಎಂಬುದು ನನ್ನ ಊಹೆ.

ಕಾರು ಇಳಿಸಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲೇ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿದೆವು. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ. ಇದನ್ನು ಮರೆತರೆ ಕಾರು ಅಂಗಳದ ಗೋಡೆಯಲ್ಲೇ ನಿಲ್ಲುವುದು. ಆಮೇಲೆ ಖಾಲಿ ರಸ್ತೆಯಲ್ಲಿ ಮಿತವಾದ ವೇಗದಿಂದ ಹಲವು ಸಲ ನಿಧಾನಕ್ಕೆ ಬ್ರೇಕ್ ಹಾಕಿ ಪ್ಯಾಡ್ ಕೂರಿಸಿದರು. ಎಳೆತ ಇಲ್ಲ, ಸದ್ದು ಇಲ್ಲ. ಸ್ವಲ್ಪ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಿಂದ ನೋಡಿದೆವು.

ನಿಪ್ಪಲ್ಲಿನ ಕೆಲಸಕ್ಕೆ ಮುಂದೆ ಕಾರನ್ನು ಗ್ಯಾರೇಜಿಗೆ ಕೊಟ್ಟರು. ಅವರು ಬಿಸಿ ಮಾಡಿ ನೋಡಿದರು. ಬಲಗಡೆಯದ್ದು ಬಂತು, ಎಡಗಡೆಯದ್ದು ಮುರಿಯಿತು. ಅಲ್ಲಿ ಬದಲಿ ಕ್ಯಾಲಿಪರ್ ತರಿಸಿಟ್ಟುಕೊಂಡೇ ಕೈ ಹಾಕಿದ್ದರಿಂದ ಅದೇ ಸಂಜೆ ಕಾರು ವಾಪಸ್ ಬಂತು. ಎರಡೂ ನಿಪ್ಪಲ್ಲಿಗೆ ಹೊಸ ರಬ್ಬರ್ ಟೋಪಿ ಹಾಕಿಸಿದ್ದಾರೆ.